ಮಹಾಂತೇಶ ನಗರದಿಂದ ಉದ್ಯಮಬಾಗ್: ಬಸ್ಸೋ, ಸೈಕಲ್ಲೋ, ಎರಡೂ ಕೂಡಿಸಿಯೋ?

'ಹೊಸ ಶಿಫ್ಟ್' ಎಂಬ ಹೆಸರಿನವರು ಕೇಳಿದ್ದು:

ನಮಸ್ಕಾರ ರೀ. ಮುಂದಿನ ತಿಂಗಳಿಂದ ಬೆಳಗಾವಿ ಉದ್ಯಮಬಾಗ್‌ನಾಗ ಕೆಲಸ, ಮನಿ ಹಿಡದದ್ದು ಮಹಾಂತೇಶ ನಗರದಾಗ. ಮುಂಜಾನೆ 8:30ಕ್ಕ ಗೇಟಿನೊಳಗ ಇರಬೇಕು, ಸಂಜೀಕ 5ಕ್ಕ ಬಿಡ್ತಾರ. ಫ್ಯಾಕ್ಟರಿ ಖಾನಾಪುರ ರಸ್ತೆಯಿಂದ ಒಂದೂವರೆ ಕಿ.ಮೀ. ಒಳಗ ಐತಿ. ಮೊಬೈಲ್ ನಕಾಶೆ ಒಟ್ಟು 10 ಕಿ.ಮೀ. ಆಸುಪಾಸು ತೋರಸ್ತೈತಿ. ಮೋಟರ್‌ಸೈಕಲ್ ಬ್ಯಾಡ ಅಂತ ಗಟ್ಟಿ ಮಾಡೇನಿ, ಅದನ್ನ ತಗೋರಿ ಅಂತ ಹೇಳಬ್ಯಾಡ್ರಿ.

ಒಂದು, ಬಸ್ಸಿನಾಗ ಎಷ್ಟು ಹೊತ್ತು ಹಿಡೀತೈತಿ? ಎರಡು, ಮನ್ಯಾಗ ಒಂದು ಕಪ್ಪು ಸಾದಾ ಸೈಕಲ್ ಐತಿ: 28 ಇಂಚಿನ ಗಾಲಿ, ರಾಡ್ ಬ್ರೇಕ್, ಮುಂದ 44 ಹಲ್ಲು, ಹಿಂದ 18. ಇದರ ಮ್ಯಾಲೆ ದಿನಾ 20 ಕಿ.ಮೀ. ಆಗತೈತೋ, ಇಲ್ಲಾ ಗೇರಿಂದು ತಗೋಬೇಕೋ? ಮೂರು, ಸೈಕಲ್ಲನ್ನ ಸಿಟಿ ಬಸ್ಸಿನಾಗ ಹಾಕೊಂಡು ಹೋಗಾಕ ಬರತೈತೇನು? ಮನಿಯವರಿಗೆ ನೆಹರು ನಗರದ ದವಾಖಾನಿ ಕಡೆ ಕೆಲಸ, ಅವರದು ಬಸ್ಸೇ. ಇಲ್ಲಿ ಮಳಿ ಜೋರ ಅಂತಾರ, ಅದನ್ನೂ ಹಿಡದು ಹೇಳ್ರಿ.

ಸಿಬಿಟಿ ಪ್ಲಾಟ್‌ಫಾರ್ಮ್:

ಮೊದಲು ಬಸ್ಸಿನ ಲೆಕ್ಕ ಹೇಳುತ್ತೇನೆ. ಮಹಾಂತೇಶ ನಗರದಿಂದ ಉದ್ಯಮಬಾಗ್‌ಗೆ ನೇರ ಬಸ್ಸನ್ನು ನೆಚ್ಚಿಕೊಳ್ಳಬೇಡಿ. ಮನೆಯಿಂದ ಸಿಬಿಟಿ, ಅಂದರೆ ಸಿಟಿ ಬಸ್ ನಿಲ್ದಾಣ, ಅಲ್ಲಿ ಇಳಿದು ಪೀರನವಾಡಿ, ಮಚ್ಛೆ ಅಥವಾ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಡೆ ಹೋಗುವ ಬಸ್ಸು. ಈ ಮೂರೂ ಖಾನಾಪುರ ರಸ್ತೆ ಹಿಡಿಯುವುದರಿಂದ ಉದ್ಯಮಬಾಗ್ ದಾರಿಯಲ್ಲೇ ಸಿಗುತ್ತದೆ. ಪಕ್ಕದ ಕೇಂದ್ರ ಬಸ್ ನಿಲ್ದಾಣದಿಂದ ಖಾನಾಪುರಕ್ಕೆ ಹೊರಡುವ ಬಸ್ಸುಗಳೂ ಅದೇ ರಸ್ತೆಯಲ್ಲಿ ಹೋಗುತ್ತವೆ. ಆದರೆ ಎಲ್ಲವೂ ಉದ್ಯಮಬಾಗ್‌ನಲ್ಲಿ ನಿಲ್ಲುವುದಿಲ್ಲ. ಹತ್ತುವ ಮೊದಲೇ ಕಂಡಕ್ಟರ್‌ಗೆ 'ಉದ್ಯಮಬಾಗ್ ನಿಲ್ಲತೈತೇನ್ರಿ?' ಎಂದು ಕೇಳಿ, ಹೂಂ ಎಂದರೆ ಮಾತ್ರ ಕಾಲಿಡಿ. ಹತ್ತಿದ ಮೇಲೆ ಕೇಳಿದರೆ ಪೀರನವಾಡಿಯಿಂದ ಹಿಂದಕ್ಕೆ ನಡೆಯಬೇಕಾಗುತ್ತದೆ.

ಸಮಯ ಹೀಗೆ ಹಿಡಿಯಿರಿ. ಮನೆ ಹತ್ತಿರ ಬಸ್ಸಿಗೆ ಕಾಯುವುದು 10 ನಿಮಿಷ, ಸಿಬಿಟಿಗೆ 15, ಅಲ್ಲಿ ಮತ್ತೆ ಕಾಯುವುದು 10, ಉದ್ಯಮಬಾಗ್‌ಗೆ 25, ಇಳಿದು ಒಂದೂವರೆ ಕಿ.ಮೀ. ನಡೆಯುವುದು 18 ರಿಂದ 20. ಒಟ್ಟು 80 ನಿಮಿಷ. ಅದರಲ್ಲಿ ಗಾಡಿ ಓಡುವುದು 40 ನಿಮಿಷವಷ್ಟೇ, ಉಳಿದರ್ಧ ನಿಲ್ಲುವುದಕ್ಕೂ ನಡೆಯುವುದಕ್ಕೂ ಹೋಗುತ್ತದೆ. ಸೈಕಲ್ಲನ್ನು ಎಲ್ಲಿ ಸೇರಿಸಬೇಕು ಎಂಬುದು ಈ ಲೆಕ್ಕದಲ್ಲೇ ಇದೆ.

ಸೇರಿಸಲು ಎರಡು ಜಾಗ ಇವೆ. ಮನೆ ಕಡೆಯ ತುದಿಯಲ್ಲಾದರೆ ಸಿಬಿಟಿವರೆಗೆ ಸುಮಾರು 3 ಕಿ.ಮೀ. ಸೈಕಲ್, 15 ನಿಮಿಷ. ನಿಲ್ದಾಣದ ವಾಹನ ಸ್ಟ್ಯಾಂಡಿನಲ್ಲಿ ಚೀಟಿ ಪಡೆದು ನಿಲ್ಲಿಸಿ ಎರಡನೇ ಬಸ್ಸು ಹತ್ತುವುದು. ಮೊದಲ ಬಸ್ಸಿಗೆ ಕಾಯುವುದು ತಪ್ಪುತ್ತದೆ. ಇನ್ನೊಂದು ಲಾಭ, ಸಿಬಿಟಿ ಬಸ್ಸು ಹುಟ್ಟುವ ಜಾಗವಾದ್ದರಿಂದ ಸೀಟು ಸಿಗುವ ಸಂಭವ ಹೆಚ್ಚು. ಉದ್ಯಮಬಾಗ್ ಕಡೆಯ ತುದಿಯಲ್ಲಾದರೆ 20 ನಿಮಿಷದ ನಡಿಗೆ 6 ನಿಮಿಷಕ್ಕೆ ಇಳಿಯುತ್ತದೆ. ಆದರೆ ಒಂದು ತೊಡಕು ಇದೆ. ಬೆಳಿಗ್ಗೆ ಬಸ್ಸಿಳಿದಾಗ ಸೈಕಲ್ ರಸ್ತೆ ಬದಿಯಲ್ಲಿ ಇರಬೇಕು ಎಂದರೆ ರಾತ್ರಿಯೆಲ್ಲ ಅದು ಅಲ್ಲೇ ನಿಂತಿರಬೇಕು. ಬಯಲಲ್ಲಿ ಬಿಟ್ಟರೆ ಉಳಿಯದು. ನಿಲ್ದಾಣದ ಎದುರಿನ ಪಂಕ್ಚರ್ ಅಂಗಡಿ ಅಥವಾ ಚಹಾ ಅಂಗಡಿಯವರನ್ನು ಮೊದಲೇ ಮಾತಾಡಿಸಿ, ತಿಂಗಳಿಗಿಷ್ಟು ಎಂದು ಗೊತ್ತುಮಾಡಿಕೊಂಡು, ಶಟರ್ ಒಳಗೆ ಇಡುವಂತಿದ್ದರೆ ಮಾತ್ರ ಈ ದಾರಿ. ಅಂಗಡಿ ಎಷ್ಟಕ್ಕೆ ತೆಗೆಯುತ್ತಾರೆ ಎಂಬುದನ್ನೂ ಕೇಳಿ. 8:30ರ ಶಿಫ್ಟಿಗೆ 9ಕ್ಕೆ ತೆಗೆಯುವ ಅಂಗಡಿಯಿಂದ ಪ್ರಯೋಜನವಿಲ್ಲ.

ಸಾದಾ ಸೈಕಲ್ಲಿಗೆ ಸಿಟಿ ಬಸ್ಸಿನಲ್ಲಿ ಜಾಗವಿಲ್ಲ. 20 ಇಂಚು ಗಾಲಿಯ ಮಡಚುವ ಸೈಕಲ್ ಮಡಚಿದಾಗ ಸುಮಾರು 80 ಸೆಂ.ಮೀ. ಉದ್ದ, 60 ಎತ್ತರ, 35 ರಿಂದ 40 ಅಗಲ, ತೂಕ 12 ರಿಂದ 14 ಕೆ.ಜಿ. ಬೆಳಿಗ್ಗೆ 8ರ ಗದ್ದಲದಲ್ಲಿ ಇದನ್ನು ಹತ್ತಿಸುವುದು ನಿಮಗೂ ಉಳಿದವರಿಗೂ ಕಷ್ಟ. ಒಯ್ಯಲೇಬೇಕಾದರೆ ಬಟ್ಟೆಯ ಚೀಲದಲ್ಲಿ ಹಾಕಿ, ಚೈನ್ ಇರುವ ಮಗ್ಗುಲು ಗೋಡೆ ಕಡೆ ಮಾಡಿ. ಲಗೇಜ್ ಟಿಕೆಟ್ ಕೇಳಿದರೆ ತಕರಾರಿಲ್ಲದೆ ತೆಗೆಸಿ.

ಪಾಸ್ ಬೇಕೇ ಬೇಡವೇ ಎಂಬುದಕ್ಕೆ ಸುಲಭ ಲೆಕ್ಕ: ತಿಂಗಳ ಪಾಸಿನ ದರವನ್ನು ನಿಮ್ಮ ಒಂದು ದಿನದ ಒಟ್ಟು ಟಿಕೆಟ್ ಹಣದಿಂದ ಭಾಗಿಸಿ. ಎರಡೂ ಬಸ್ಸು ಹಿಡಿದರೆ ದಿನಕ್ಕೆ ನಾಲ್ಕು ಟಿಕೆಟ್, ಸಿಬಿಟಿವರೆಗೆ ಸೈಕಲ್ ಆದರೆ ಎರಡೇ. ಬಂದ ಸಂಖ್ಯೆ ನೀವು ಕೆಲಸಕ್ಕೆ ಹೋಗುವ ದಿನಗಳಿಗಿಂತ ಕಡಿಮೆಯಿದ್ದರೆ ಪಾಸ್ ಮಾಡಿಸಿ. ಹಳೆಯ ಪೋಸ್ಟುಗಳಲ್ಲಿ ಇರುವ ದರ ನೋಡಿ ಲೆಕ್ಕ ಹಾಕಬೇಡಿ, 2025ರ ಜನವರಿ 5ರಿಂದ ಬಸ್ ದರ ಶೇ. 15ರಷ್ಟು ಏರಿದೆ.

ಮೂರನೇ ಗೇಟ್:

ಮ್ಯಾಲಿನವರ ಲೆಕ್ಕ ಬರೋಬರಿ ಐತಿ, ಆದ್ರ ಅದರಿಂದ ಹೊರಡೂ ಮಾತು ಬ್ಯಾರೆ. 80 ನಿಮಿಷದ ಹಾದಿ ಸೈಕಲ್ ಮ್ಯಾಲೆ 45 ರಿಂದ 50 ನಿಮಿಷ. ತಾಸಿಗೆ 14 ಕಿ.ಮೀ. ಅಂದ್ರ ಬೆವರು ಹರಿಯೂ ವೇಗ ಅಲ್ಲ, ಆ ಲೆಕ್ಕಕ್ಕ 10 ಕಿ.ಮೀ.ಗೆ 43 ನಿಮಿಷ, ಸಿಗ್ನಲ್ಲಿಗೆ ಐದು ಕೂಡಸ್ರಿ. ಅಕ್ಟೋಬರದಿಂದ ಮೇ ತನಕ ಪೂರ್ತಿ ಸೈಕಲ್ ಹೊಡೀರಿ, ಜೂನ್‌ದಿಂದ ಸೆಪ್ಟೆಂಬರ ಬಸ್ ಪಾಸ್ ಮಾಡಸ್ರಿ. ದಿನಾ ಅರ್ಧ ಅದು ಅರ್ಧ ಇದು ಮಾಡೂದಕ್ಕಿಂತ ಹಂಗಾಮು ನೋಡಿ ಬದಲಸೂದು ಛಲೋ.

ಹಾದಿ ಹೇಳ್ತೀನಿ. ಮಹಾಂತೇಶ ನಗರದಿಂದ ಹೆದ್ದಾರಿ ಸೇತುವೆ ಕೆಳಗ ದಾಟಿ ಅಶೋಕ ವೃತ್ತ, ಕೋಟೆ ಕೆರಿ ಮಗ್ಗಲಿಂದ ಚನ್ನಮ್ಮ ವೃತ್ತ, ಕಾಲೇಜ್ ರಸ್ತೆ, ಗೋಗಟೆ ವೃತ್ತ, ಅಲ್ಲಿಂದ ಕಾಂಗ್ರೆಸ್ ರಸ್ತೆ ಹಿಡದು ರೈಲ್ವೆ ಮೂರನೇ ಗೇಟ್, ಆಮ್ಯಾಲೆ ಉದ್ಯಮಬಾಗ್. ಈ ಹಾದಿಯೊಳಗ ಚನ್ನಮ್ಮ ವೃತ್ತ ಒಂದ ತ್ರಾಸಿಂದು. ಎಲ್ಲಾ ಕಡಿಂದ ಬಸ್ಸು ಬಂದು ತಿರುಗ್ತಾವ, ತಿರುಗುವಾಗ ಬಸ್ಸಿನ ಹಿಂದಿನ ಗಾಲಿ ಮುಂದಿನದಕ್ಕಿಂತ ಒಳಗ ಕೊಯ್ಕೊಂಡು ಬರ್ತಾವ. ಬಸ್ಸಿನ ಎಡ ಮಗ್ಗಲಿಗೆ, ಬಸ್ಸಿಗೂ ಫುಟ್‌ಪಾತಿಗೂ ನಡುವ, ಎಂದೂ ನಿಲ್ಲಬ್ಯಾಡ್ರಿ. ಅದರ ಹಿಂದ ಇರ್ರಿ, ಹಿಂದಿನ ಗಾಲಿ ನಿಮಗ ಕಾಣಬೇಕು.

ಟಿಳಕವಾಡಿ ಒಳಗಿಂದ, ಅಂದ್ರ ಗೋವಾವೇಸ್, ಆರ್‌ಪಿಡಿ ಕಾಲೇಜ್ ಮ್ಯಾಲಿಂದ ಹೋಗೂ ಮನಸ್ಸಿದ್ರ ಹೋಗಬಹುದು. ನೆರಳು ಐತಿ, ಆದ್ರ ಶಾಲಿ-ಕಾಲೇಜು ಹೊತ್ತಿಗೆ ರಿಕ್ಷಾ, ಸ್ಕೂಟಿ ಬಾಳ. ಪೇಟಿ ಒಳಗಿನ ಗಣಪತ ಗಲ್ಲಿ, ಖಡೇಬಜಾರ ಕಡೆ ಮುಂಜಾನೆ 8ರ ಒಳಗಿನ ಹೊತ್ತು ಬಿಟ್ರ ಉಳದ ಹೊತ್ತಿನ್ಯಾಗ ಸೈಕಲ್ ನೂಕಿಕೊಂಡ ಹೋಗಬೇಕಾಗತೈತಿ.

ಮೊದಲನೇ, ಎರಡನೇ ಗೇಟಿನ ರೈಲು ಹಳಿ ದಾಟೂ ಪ್ರಸಂಗ ಬಂದ್ರ ಇದನ್ನ ನೆನಪಿಡ್ರಿ. ಹಳಿಗೆ ಅಡ್ಡ, ನೆಟ್ಟಗ ದಾಟಬೇಕು. ರಸ್ತೆ ಓರಿ ಇದ್ರೂ ನೀವು ಹ್ಯಾಂಡಲ್ ತಿರುವಿ ಹಳಿಗೆ ಕಾಟಕೋನ ಮಾಡಕೋರಿ. ಓರಿಯಾಗಿ ಹೋದ್ರ ಮುಂದಿನ ಗಾಲಿ ಹಳಿ ಪಕ್ಕದ ಸಂದಿಯೊಳಗ ಇಳೀತೈತಿ, ಆವಾಗ ಹ್ಯಾಂಡಲ್ ಮಾತು ಕೇಳೂದಿಲ್ಲ. ಮಳ್ಯಾಗ ಹಳಿ ಎಣ್ಣಿ ಹಚ್ಚಿದಂಗ ಜಾರತೈತಿ, ಹಳಿ ಮ್ಯಾಲೆ ಇದ್ದಾಗ ಬ್ರೇಕ್ ಹಿಡೀಬ್ಯಾಡ್ರಿ, ಪೆಡಲೂ ಒತ್ತಬ್ಯಾಡ್ರಿ, ಮೊದಲ ವೇಗ ಇಳಿಸಿ ಹಂಗ ಉರುಳಿ ದಾಟ್ರಿ. ರಸ್ತೆ ಬದಿ ಗಟಾರದ ಮ್ಯಾಲಿನ ಕಬ್ಬಿಣದ ಜಾಳಗಿ ಪಟ್ಟಿ ನಿಮ್ಮ ಹಾದಿಗೆ ಸರಿ ಉದ್ದಕ ಇದ್ರ ಅದಕ್ಕೂ ಇದ ಮಾತು.

ಗಾಳಿ ಲೆಕ್ಕ ಬಾಳ ಮಂದಿ ಮರೀತಾರ. ಉದ್ಯಮಬಾಗ್ ಊರಿನ ನೈಋತ್ಯಕ್ಕ ಐತಿ, ಮುಂಗಾರು ಗಾಳಿ ಬರೂದೂ ಪಡುವಣ-ನೈಋತ್ಯದಿಂದ. ಜೂನ್‌ದಿಂದ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ. ಕಾಂಗ್ರೆಸ್ ರಸ್ತೆ ಬಯಲಿನಾಗ ಅದು ಛಲೋ ಹೊಡೀತೈತಿ. ಮುಂಜಾನೆ 10 ನಿಮಿಷ ಹೆಚ್ಚ ಇಟ್ಕೋರಿ.

ಇನ್ನ ಕೆಲವು ದಿನ ಬಸ್ಸನ್ನೂ ನಂಬಾಕ ಆಗಂಗಿಲ್ಲ. ನವೆಂಬರ್ 1ಕ್ಕ ರಾಜ್ಯೋತ್ಸವದ ಮೆರವಣಿಗಿಗೆ ಚನ್ನಮ್ಮ ವೃತ್ತದ ಸುತ್ತ ರಸ್ತೆ ಬಂದ್. ಅನಂತ ಚತುರ್ದಶಿಗೆ ಗಣಪತಿ ಕಳಸೂ ಮೆರವಣಿಗಿ ಕಪಿಲೇಶ್ವರ ಹೊಂಡದ ಕಡೆ ಮರುದಿನದ ತನಕ ನಡೀತೈತಿ. ಡಿಸೆಂಬರದಾಗ ಸುವರ್ಣ ವಿಧಾನಸೌಧದಾಗ ಅಧಿವೇಶನ ಇದ್ದಾಗ ಹೆದ್ದಾರಿ ಮ್ಯಾಲೆ, ಅಂದ್ರ ನಿಮ್ಮ ಮಹಾಂತೇಶ ನಗರದ ಮಗ್ಗಲ, ಗಾಡಿ ತಡೀತಾವ. ಈ ದಿನಗಳಾಗ ಸೈಕಲ್ ಇದ್ದಾಂವ ಹೊತ್ತಿಗೆ ಮುಟ್ಟತಾನ, ಯಾಕಂದ್ರ ಬ್ಯಾರಿಕೇಡ್ ಇದ್ದಲ್ಲಿ ಇಳದು ನೂಕಿಕೊಂಡು ಹೋಗಬಹುದು.

ಪಾನಾ-ಪಕ್ಕಡ:

ಸೈಕಲ್ ಬಗ್ಗೆ ನಾನು ಹೇಳುತ್ತೇನೆ. ಕಪ್ಪು ಸೈಕಲ್ಲನ್ನು ಮಾರಬೇಡಿ, ಒಣ ತಿಂಗಳುಗಳಿಗೆ ಅದು ಧಾರಾಳ ಸಾಕು. ಎರಡು ಕೆಲಸ ಮಾಡಿಸಿ.

ಮೊದಲನೆಯದು ಫ್ರೀವೀಲ್, ಅಂದರೆ ಹಿಂದಿನ ಗಾಲಿಯ ಹಲ್ಲಿನ ಚಕ್ರ. 44ಕ್ಕೆ 18 ಎಂದರೆ ಒಂದು ಸುತ್ತು ಪೆಡಲ್ ತುಳಿದರೆ ಗಾಡಿ ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಸಪಾಟು ರಸ್ತೆಗೆ ಸರಿ. ಆದರೆ ಬೆಳಗಾವಿ ಏರಿಳಿತದ ಊರು, ಮೂರನೇ ಗೇಟಿನ ಮೇಲ್ಸೇತುವೆ ಏರುವಾಗ ಎದುರುಗಾಳಿಯೂ ಸೇರಿದರೆ ಮೊಣಕಾಲಿಗೆ ಭಾರ. 22 ಹಲ್ಲಿನದು ಹಾಕಿಸಿದರೆ ಒಂದು ಸುತ್ತಿಗೆ 4.5 ಮೀಟರ್, ಒತ್ತುವ ಬಲ ಸುಮಾರು ಶೇ. 18ರಷ್ಟು ಕಡಿಮೆ. ವೇಗ ಕೆಡುವುದಿಲ್ಲ. ನಿಮಿಷಕ್ಕೆ 60 ಸುತ್ತು ತುಳಿದರೂ ತಾಸಿಗೆ 16 ಕಿ.ಮೀ. ಬರುತ್ತದೆ. 22 ಸಿಗದಿದ್ದರೆ 20 ಹಾಕಿಸಿ.

ಬಿಚ್ಚುವುದು ಹೀಗೆ. ಫ್ರೀವೀಲಿನ ಎರಡು ಕಚ್ಚಿಗೆ ಕೂಡುವ ತೆಗೆಯುವ ಪಾನಾವನ್ನು ಬೆಂಚ್ ವೈಸಿನಲ್ಲಿ ಬಿಗಿದು, ಅದರ ಮೇಲೆ ಗಾಲಿ ಕೂಡಿಸಿ, ಆಕ್ಸಲ್ ನಟ್ಟನ್ನು ಕೈಯಿಂದ ಒಂದಿಷ್ಟು ಬಿಗಿದು, ಇಡೀ ಗಾಲಿಯನ್ನು ಎಡಕ್ಕೆ ತಿರುಗಿಸಬೇಕು. ನಟ್ಟು ಬಿಗಿಯದೆ ತಿರುಗಿಸಿದರೆ ಪಾನಾ ಹಾರಿ ಕಚ್ಚು ಮುರಿಯುತ್ತದೆ, ಆಮೇಲೆ ಫ್ರೀವೀಲ್ ಒಡೆದೇ ತೆಗೆಯಬೇಕು. ಹೊಸದನ್ನು ಹಾಕುವ ಮುಂಚೆ ಗಾಲಿ ನಡುವಿನ ಹಬ್ಬಿನ ಆಟೆಗೆ ಗ್ರೀಸ್ ಹಚ್ಚಿ. ನಾಲ್ಕು ಹಲ್ಲು ಹೆಚ್ಚಾದರೆ ಚೈನಿಗೆ ಎರಡು ಕೊಂಡಿ, ಅಂದರೆ ಒಂದು ಇಂಚು ಹೆಚ್ಚು ಬೇಕು. ಕೊಂಡಿ ಸೇರಿಸದೆಯೂ ಆಗುತ್ತದೆ, ಹಿಂದಿನ ಗಾಲಿಯನ್ನು ಅರ್ಧ ಇಂಚು ಮುಂದೆ ಸರಿಸಲು ಜಾಗವಿದ್ದರೆ ಸಾಕು. ಕೊನೆಗೆ ಚೈನ್ ನಡುವೆ ಬೆರಳಿಟ್ಟು ಒತ್ತಿದರೆ ಅರ್ಧ ಇಂಚು ಮೇಲೆ-ಕೆಳಗೆ ಆಡಬೇಕು. ಪೂರ್ತಿ ಬಿಗಿದರೆ ಹಬ್ಬಿನ ಗುಂಡು ಸವೆಯುತ್ತದೆ, ಸಡಿಲ ಬಿಟ್ಟರೆ ಗುಂಡಿಯಲ್ಲಿ ಬಿದ್ದಾಗ ಚೈನ್ ಕಳಚುತ್ತದೆ.

ಎರಡನೆಯದು ಬ್ರೇಕು, ಇದರ ಬಗ್ಗೆ ನನಗೆ ನಿಜವಾಗಿ ಕಾಳಜಿ ಇದೆ. ರಾಡ್ ಬ್ರೇಕಿನ ರಬ್ಬರು ಹೊಳಪಿನ ಉಕ್ಕಿನ ರಿಮ್ಮಿಗೆ ಒಳಮೈಯಿಂದ ಒತ್ತುತ್ತದೆ. ಒಣಗಿದ್ದಾಗ ಹಿಡಿಯುತ್ತದೆ. ನೀರು ಬಿದ್ದರೆ ರಬ್ಬರಿಗೂ ರಿಮ್ಮಿಗೂ ನಡುವೆ ನೀರಿನ ಪದರ ನಿಂತು, ಲಿವರ್ ಪೂರ್ತಿ ಒತ್ತಿದರೂ ಗಾಲಿ ಎರಡು ಮೂರು ಸುತ್ತು ತಿರುಗಿದ ಮೇಲೇ ಹಿಡಿತ ಶುರುವಾಗುತ್ತದೆ. ಹೊಸ ರಬ್ಬರು ಹಾಕಿದರೂ ಈ ದೋಷ ಹೋಗದು, ಅದು ರಿಮ್ಮಿನ ಗುಣ. ಇದೇ ರಿಮ್ಮಿಗೆ ಕೇಬಲ್ ಬ್ರೇಕ್ ಹಾಕಿಸೋಣ ಎಂದರೆ ಅದರ ಮಗ್ಗುಲು ದುಂಡಗಿದೆ, ಪಕ್ಕದಿಂದ ಒತ್ತುವ ರಬ್ಬರಿಗೆ ಸಪಾಟು ಜಾಗ ಸಿಗುವುದಿಲ್ಲ. ಆದ್ದರಿಂದ ಕಪ್ಪು ಸೈಕಲ್ ಮಳೆಯಲ್ಲಿ ಬೇಡ. ಸಡನ್ ಮಳೆ ಹಿಡಿದರೆ ನಿಲ್ಲಬೇಕಾದ ಜಾಗಕ್ಕಿಂತ ಬಹಳ ಮೊದಲೇ ಬ್ರೇಕನ್ನು ಹಗುರಾಗಿ ಒರೆಸುವಂತೆ ಮುಟ್ಟಿಸಿ ನೀರು ತೆಗೆಯಿರಿ, ಆಮೇಲೆ ಒತ್ತಿ. ಒಣ ದಿನಗಳಿಗೆ ರಬ್ಬರ್-ರಿಮ್ ನಡುವೆ 2 ರಿಂದ 3 ಮಿ.ಮೀ. ಸಂದಿ ಸಾಕು.

ಮಳೆಗಾಲದಲ್ಲೂ ಹೊಡೆಯುವ ಮನಸ್ಸಿದ್ದರೆ ಗೇರಿನದನ್ನು ನೋಡಿ. ಟಾಯರ್ ಅಳತೆ 700×35, ಹಿಂದೆ 7 ಗೇರು, ಮುಂದೆ 42 ಹಲ್ಲಿನ ಒಂದೇ ಚಕ್ರ. ಹಿಂದೆ 14 ರಿಂದ 28 ಹಲ್ಲಿದ್ದರೆ ಒಂದು ಸುತ್ತಿಗೆ 3.2 ರಿಂದ 6.5 ಮೀಟರ್, ಈ ಊರಿಗೆ ಇದಕ್ಕಿಂತ ಹೆಚ್ಚು ಬೇಡ. ಡಿಸ್ಕ್ ಬ್ರೇಕ್ ಇರಲಿ, ಕೇಬಲ್‌ನದೇ ಸಾಕು. ಮುಂದಿನ ಶಾಕ್ ಅಬ್ಸಾರ್ಬರ್ ಇರುವುದು ಬೇಡ. ಅಗ್ಗದ ಸೈಕಲ್ಲಿನಲ್ಲಿ ಅದು ತೂಕ ಹೆಚ್ಚಿಸುತ್ತದೆ, ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಅಲುಗದೆ ನಿಲ್ಲುತ್ತದೆ. ಪೂರ್ತಿ ಉದ್ದದ ಮಡ್‌ಗಾರ್ಡಿಗೂ ಕ್ಯಾರಿಯರ್‌ಗೂ ಫ್ರೇಮಿನಲ್ಲಿ ತೂತು ಇದೆಯೋ ಇಲ್ಲವೋ ಅಂಗಡಿಯಲ್ಲೇ ಬಗ್ಗಿ ನೋಡಿ. ಅದಿಲ್ಲದ ಸೈಕಲ್ ಎಷ್ಟು ಚೆಂದವಿದ್ದರೂ ಬೆಳಗಾವಿಗೆ ಬೇಡ, ಬೆನ್ನ ಮೇಲೆ ಕೆಂಪು ರಾಡಿಯ ಗೆರೆ ಹೊತ್ತುಕೊಂಡು ಕೆಲಸಕ್ಕೆ ಹೋಗಬೇಕಾಗುತ್ತದೆ.

ನೆಹರು ನಗರ ನಿಲ್ದಾಣ:

ವೈನಿ, ಅಂದರೆ ನಿಮ್ಮ ಮನೆಯವರಿಗೆ ಹೇಳುವುದು. ಅವರ ಆಧಾರ್‌ನಲ್ಲಿ ಕರ್ನಾಟಕದ ವಿಳಾಸ ಇದ್ದರೆ ಶಕ್ತಿ ಯೋಜನೆಯಲ್ಲಿ ಸಿಟಿ ಬಸ್ಸು ಉಚಿತ, 2023ರ ಜೂನ್ 11ರಿಂದ ಇದೆ. ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯಲೇಬೇಕು, ಇಳಿಯುವವರೆಗೆ ಕೈಯಲ್ಲಿರಬೇಕು. ದುಡ್ಡಿಲ್ಲ ಎಂದು ಟಿಕೆಟ್ ಬಿಟ್ಟರೆ ತಪಾಸಣೆಯವರು ಹತ್ತಿದಾಗ ತೊಂದರೆ. ಬೆಳಗಾವಿಯಲ್ಲಿ ಗಮನಿಸಬೇಕಾದ್ದು ಇನ್ನೊಂದು: ಮಹಾರಾಷ್ಟ್ರದ ಎಸ್‌ಟಿ ಬಸ್ಸಿಗಾಗಲಿ, ಗಡಿ ದಾಟುವ ನಮ್ಮ ಬಸ್ಸಿಗಾಗಲಿ ಇದು ನಡೆಯುವುದಿಲ್ಲ. ನಿಲ್ದಾಣದಲ್ಲಿ ಎರಡೂ ಪಕ್ಕಪಕ್ಕ ನಿಂತಿರುತ್ತವೆ, ಅವಸರದಲ್ಲಿ ಹತ್ತಿಬಿಡುತ್ತಾರೆ.

ನೆಹರು ನಗರಕ್ಕೆ ಮಹಾಂತೇಶ ನಗರದಿಂದ ಬರುವಾಗ ಪ್ರತಿ ಸಲ ಸಿಬಿಟಿಗೆ ಹೋಗಿ ತಿರುಗಿ ಬರಬೇಕಿಲ್ಲ. ಅಶೋಕ ವೃತ್ತದ ಹತ್ತಿರ ಇಳಿದು ಎರಡನೇ ಬಸ್ಸು ಸಿಗುತ್ತದೆಯೋ ಎಂದು ಒಂದು ವಾರ ಹೊತ್ತು ಗುರುತು ಹಾಕಿಕೊಂಡು ನೋಡಲಿ. ರಾತ್ರಿ ಪಾಳಿ ಬಂದರೆ ಮಾತ್ರ ವಾಪಸು ಬರುವ ಕೊನೆಯ ಬಸ್ಸಿನ ಹೊತ್ತನ್ನು ಕಂಡಕ್ಟರ್ ಬಾಯಿಂದಲೇ ಕೇಳಿಟ್ಟುಕೊಳ್ಳಿ.

ಹೊಸ ಶಿಫ್ಟ್:

ಎಲ್ಲಾರಿಗೂ ಶರಣು. ಹಂಗಾಮಿನ ಲೆಕ್ಕನ ಮನಸ್ಸಿಗೆ ಬಂತು: ಅಕ್ಟೋಬರದಿಂದ ಕಪ್ಪು ಸೈಕಲ್, ಮಳಿಗಾಲಕ್ಕ ಸಿಬಿಟಿ ಮ್ಯಾಲಿಂದ ಬಸ್ಸು. ಪಾನಾ ಅಣ್ಣಾರ, ಇನ್ನೆರಡು ಕೇಳತೀನಿ. ಟಾಯರಿಗೆ ಹವಾ ಎಷ್ಟು? ಪೆಟ್ರೋಲ್ ಬಂಕಿನ ಹವಾ ಪೈಪ್ ನನ್ನ ಟ್ಯೂಬಿಗೆ ಕೂಡವಲ್ದು. ಮತ್ತ ನಿಂತ ಸೈಕಲ್ಲಿನ ಹವಾ ರಾತ್ರ್ಯಾಗ ತಾನ ಇಳೀತೈತಿ, ನೀರಾಗ ಮುಳಗಿಸಿದ್ರ ಟ್ಯೂಬಿನಾಗ ಪಂಕ್ಚರ್ ಕಾಣವಲ್ದು.

ಪಾನಾ-ಪಕ್ಕಡ:

ಹವಾ ಹಿಂದೆ 50, ಮುಂದೆ 45 ಪಿಎಸ್‌ಐ ಇಡಿ, ಟಾಯರಿನ ಮಗ್ಗುಲಲ್ಲಿ ಅಚ್ಚಾಗಿರುವ ಮಿತಿ ದಾಟಬೇಡಿ. ನಿಮ್ಮದು ಹಳೆಯ ಮಾದರಿಯ ವಾಲ್, ಬಂಕಿನ ಪೈಪು ಮೋಟರ್‌ಸೈಕಲ್ ವಾಲಿಗೆ ಮಾಡಿದ್ದು, ಅದಕ್ಕೇ ಕೂಡುವುದಿಲ್ಲ. ಮುಂದಿನ ಸಲ ಟ್ಯೂಬ್ ಬದಲಿಸುವಾಗ ಮೋಟರ್‌ಸೈಕಲ್ ವಾಲಿನ ಟ್ಯೂಬ್ ಕೇಳಿ. ಹಾಕುವಾಗ ರಿಮ್ಮಿನ ತೂತು ಅದರ ದಪ್ಪಕ್ಕೆ ಸಾಲುತ್ತದೆಯೇ ನೋಡಿಸಿ.

ಪಂಕ್ಚರ್ ಇಲ್ಲದೆ ಹವಾ ಇಳಿಯುವುದು ಬಹುಪಾಲು ವಾಲ್ ರಬ್ಬರಿನಿಂದ. ಹೀಗೆ ಪರೀಕ್ಷಿಸಿ: ವಾಲಿನ ಬಾಯಿಗೆ ಎಂಜಲು ಹಚ್ಚಿ ನೋಡಿ, ಗುಳ್ಳೆ ನಿಧಾನವಾಗಿ ಉಬ್ಬಿದರೆ ಅದೇ. ಮೇಲಿನ ನಟ್ಟು ಬಿಚ್ಚಿ ಒಳಗಿನ ಹಿತ್ತಾಳೆ ಕೊಳವೆ ಎಳೆಯಿರಿ. ಅದರ ಮೇಲೆ ತೆಳು ರಬ್ಬರ್ ನಳಿಗೆ ಇರುತ್ತದೆ, ಬಿಸಿಲಿಗೆ ಅಂಟಂಟಾಗಿ, ಕೊಳವೆಯ ಪಕ್ಕದ ಸಣ್ಣ ತೂತಿನ ಹತ್ತಿರವೇ ಸೀಳಿರುತ್ತದೆ. ಹಳೆಯದನ್ನು ಕೆರೆದು ತೆಗೆದು, ಹೊಸ ರಬ್ಬರನ್ನು ನೀರಲ್ಲಿ ತೋಯಿಸಿ, ಆ ತೂತು ಪೂರ್ತಿ ಮುಚ್ಚಿ ಮೇಲಿನ ದಪ್ಪ ಭಾಗದವರೆಗೆ ಏರಿಸಿ. ಕೊಳವೆಯ ಸಣ್ಣ ಉಬ್ಬು ವಾಲಿನ ಕಚ್ಚಿನಲ್ಲಿ ಕೂಡುವಂತೆ ಇಳಿಸಿ ನಟ್ಟು ಬಿಗಿಯಿರಿ. ಸೀಟಿನ ಕೆಳಗಿನ ಚೀಲದಲ್ಲಿ ನಾಲ್ಕು ಇಂಚು ವಾಲ್ ರಬ್ಬರ್ ಯಾವಾಗಲೂ ಇರಲಿ.

ಉದ್ಯಮಬಾಗ್‌ನ ಒಳರಸ್ತೆಯಲ್ಲಿ ಪಂಕ್ಚರ್ ಮಾಡುವುದು ಮುಳ್ಳಿಗಿಂತ ಹೆಚ್ಚಾಗಿ ಲೇಥ್ ಮಶೀನಿನಿಂದ ಬಿದ್ದ ಕಬ್ಬಿಣದ ಸುರುಳಿ ಚೂರು. ವಿಚಿತ್ರವೆಂದರೆ ಅದು ಬಿದ್ದ ದಿನ ಹವಾ ಹೋಗುವುದಿಲ್ಲ. ಚೂರು ಟಾಯರಿನಲ್ಲಿ ಕೂತು, ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಒಳಗೆ ಹೋಗುತ್ತ ಮೂರ್ನಾಲ್ಕು ದಿನಕ್ಕೆ ಟ್ಯೂಬ್ ಮುಟ್ಟುತ್ತದೆ. ಶನಿವಾರಕ್ಕೊಮ್ಮೆ ಗಾಲಿ ನಿಧಾನ ತಿರುಗಿಸುತ್ತ ಟಾಯರಿನ ಮೇಲ್ಮೈಯನ್ನು ಬೆಳಕಿಗೆ ಹಿಡಿದು ನೋಡಿ, ಮಿಂಚಿದ್ದನ್ನೆಲ್ಲ ದಬ್ಬಣದಿಂದ ಕಿತ್ತು ತೆಗೆಯಿರಿ. ಪಂಕ್ಚರ್ ಹಾಕಿಸಿದಾಗ ಟಾಯರಿನ ಒಳಮೈಯಲ್ಲಿ ಅರಿವೆ ಸುತ್ತಿದ ಬೆರಳು ಆಡಿಸಿ ಚೂರು ಉಳಿದಿದೆಯೇ ನೋಡದಿದ್ದರೆ ಮರುದಿನ ಅದೇ ಜಾಗದಲ್ಲಿ ಮತ್ತೆ ತೂತು. ಬರಿ ಬೆರಳು ಹಾಕಬೇಡಿ, ಕೊಯ್ಯುತ್ತದೆ.

ಚೈನಿಗೆ ಸುಟ್ಟ ಎಂಜಿನ್ ಆಯಿಲ್ ಬೇಡ, ಅದರಲ್ಲಿರುವ ಲೋಹದ ಪುಡಿಯೇ ಚೈನ್ ತಿನ್ನುತ್ತದೆ. ಹೊಲಿಗೆ ಮಶೀನ್ ಎಣ್ಣೆ ಒಣಕಾಲಕ್ಕೆ ಸರಿ, ಮಳೆಗೆ ಒಂದೇ ದಿನದಲ್ಲಿ ತೊಳೆದುಹೋಗುತ್ತದೆ, ಆಗ 90 ನಂಬರಿನ ಗೇರ್ ಆಯಿಲ್ ಹಾಕಿ. ಪ್ರತಿ ರೋಲರಿಗೆ ಒಂದೇ ಹನಿ, ಹತ್ತು ನಿಮಿಷ ಬಿಟ್ಟು ಹೊರಮೈ ಒರೆಸಿಬಿಡಿ. ಹೊರಗೆ ಉಳಿದ ಎಣ್ಣೆ ಕೆಂಪು ಧೂಳನ್ನು ಹಿಡಿದು ಅರೆಯುತ್ತದೆ. ಸವೆತ ನೋಡಲು ಒಂದು ಪಿನ್ನಿನ ನಡುವೆ ಸ್ಕೇಲಿನ ಸೊನ್ನೆ ಇಟ್ಟು 24 ಕೊಂಡಿ ಎಣಿಸಿ, ಸರಿಯಾಗಿ 12 ಇಂಚಿಗೆ ಪಿನ್ನಿನ ನಡು ಬರಬೇಕು. ಇಂಚಿನ ಎಂಟನೇ ಒಂದು ಭಾಗ ದಾಟಿದ್ದರೆ ಚೈನ್ ಬದಲಿಸಿ. ಅದನ್ನು ಫ್ರೀವೀಲ್ ಹಾಕಿಸುವ ದಿನವೇ ಮಾಡಿ, ಹಳೆಯ ಚೈನ್ ಹೊಸ ಹಲ್ಲಿನ ಮೇಲೆ ಜಿಗಿಯುತ್ತದೆ.

ಮೂರನೇ ಗೇಟ್:

ಬೀಗದ ಮಾತು ಯಾರೂ ಆಡಲಿಲ್ಲ. ಹಿಂದಿನ ಗಾಲಿ ಮ್ಯಾಲಿನ ಚಾವಿ ಲಾಕ್ ಒಂದ ಇದ್ರ ಸೈಕಲ್ ಎತ್ತಿ ಒಯ್ತಾರ. ಸಿಬಿಟಿ ಸ್ಟ್ಯಾಂಡಿನಾಗೂ ಫ್ರೇಮ್, ಹಿಂದಿನ ಗಾಲಿ ಎರಡೂ ಸೇರಿಸಿ ಕಂಬಕ್ಕ ಸರಪಳಿ ಹಾಕ್ರಿ, ಹವಾ ಪಂಪ್, ಲೈಟ್ ಬಿಚ್ಚಿ ಒಯ್ರಿ. ಚೀಟಿ ಮ್ಯಾಲೆ ಬರೆದ ಹೊತ್ತು ನೋಡ್ರಿ, ರಾತ್ರಿ ಉಳದ್ರ ದರ ಬ್ಯಾರೆ ಇರತೈತಿ. ಚಳಿಗಾಲದಾಗ ಸಂಜೀಕ ಆರು ದಾಟಿದ ಮ್ಯಾಲೆ ಕತ್ತಲಿ, ಓವರ್‌ಟೈಮ್ ಇದ್ದ ದಿನ ಹಿಂದಿನ ಕೆಂಪು ಲೈಟ್ ಇಲ್ಲದೆ ಹೆದ್ದಾರಿ ಮಗ್ಗಲಿನ ರಸ್ತೆಗೆ ಬರಬ್ಯಾಡ್ರಿ. ಕಬ್ಬಿನ ಹಂಗಾಮು ಅದ ಹೊತ್ತಿಗೆ ಇರತೈತಿ, ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಮಗ್ಗಲಿಂದ ಹೋಗುವಾಗ ಹಿಂದಿನ ಟ್ರೇಲರ್ ನಿಮ್ಮ ಕಡೆ ತೊನೀತೈತಿ. ಅದು ದಾಟೂ ತನಕ ಇಳದು ನಿಲ್ರಿ.